ಗಾಂಧಿ ಗಂಜದಲ್ಲಿ ಪದವಿ ಪಾಠ: ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ವಿಷಯಾಧಾರಿತ ಸಮುದಾಯ ಸೇವೆ

ಸಾರಾಂಶ

ಪದವಿ ವಿದ್ಯಾರ್ಥಿಗಳ ಸಮುದಾಯ ಸೇವೆಯನ್ನು ನಾವು ಬಹುಮಟ್ಟಿಗೆ ಗಂಟೆಗಳಲ್ಲಿ ಅಳೆಯುತ್ತೇವೆ. ಅವರು ಓದುವ ವಿಷಯಕ್ಕೂ ಮಾಡುವ ಸೇವೆಗೂ ಇರುವ ನಂಟು ತೆಳು. ಬೀದರಿನ ಧಾನ್ಯದ ಪೇಟೆಯಾದ ಗಾಂಧಿ ಗಂಜ ಹಾಗೂ ಭಾಲ್ಕಿ, ಔರಾದ್ ತಾಲ್ಲೂಕುಗಳನ್ನು ಆಧರಿಸಿ ಈ ಲೇಖನ ಎರಡು ವಾದಗಳನ್ನು ಮುಂದಿಡುತ್ತದೆ. ಒಂದು, ಸೇವೆ ಆಯಾ ವಿಷಯದ ಪಠ್ಯದೊಳಗಿಂದಲೇ ಹುಟ್ಟಬೇಕು. ಎರಡು, ವಿದ್ಯಾರ್ಥಿಗಳು ಬದಲಾಗುತ್ತಿದ್ದರೂ ಕಾಲೇಜಿಗೂ ಊರಿಗೂ ಇರುವ ಸಂಬಂಧ ಮತ್ತು ಅದರ ದಾಖಲೆ ವರ್ಷಗಟ್ಟಲೆ ಉಳಿಯಬೇಕು.

1. ಹಿನ್ನೆಲೆ

ವಿದ್ಯಾರ್ಥಿಗಳು ಸಮಾಜದ ಕೆಲಸಕ್ಕೆ ಇಳಿಯಬೇಕೆಂಬ ವಿಚಾರ ಸ್ವತಂತ್ರ ಭಾರತದ ಉನ್ನತ ಶಿಕ್ಷಣದಷ್ಟೇ ಹಳೆಯದು. 1948ರಲ್ಲಿ ನೇಮಕವಾದ ರಾಧಾಕೃಷ್ಣನ್ ಆಯೋಗ ಸ್ವಯಂಪ್ರೇರಿತ ಸೇವೆಯನ್ನು ಸೂಚಿಸಿತು. 1964–66ರ ಕೊಠಾರಿ ಆಯೋಗ ಶಿಕ್ಷಣದ ಎಲ್ಲ ಹಂತಗಳಲ್ಲೂ ಸೇವೆಗೆ ಸ್ಥಾನ ಕೇಳಿತು. ಗಾಂಧಿ ಜನ್ಮಶತಮಾನೋತ್ಸವದ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಆರಂಭವಾಯಿತು. ಅದಕ್ಕೆ ಚಾಲನೆ ಕೊಟ್ಟ ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅರ್ಥಶಾಸ್ತ್ರಜ್ಞರು.

ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120ರಂತೆ ಎರಡು ವರ್ಷದಲ್ಲಿ 240 ಗಂಟೆ ದುಡಿಯಬೇಕು, ಏಳು ದಿನಗಳ ವಿಶೇಷ ಶಿಬಿರದಲ್ಲಿ ಇರಬೇಕು. ರಸ್ತೆ, ಸಸಿ, ಸ್ವಚ್ಛತೆ, ರಕ್ತದಾನ ಎಂದು ಈ ಯೋಜನೆ ಅರ್ಧ ಶತಮಾನದಲ್ಲಿ ಮಾಡಿದ ಕೆಲಸ ದೊಡ್ಡದು. ಹಳ್ಳಿಯ ಶಾಲೆಯಲ್ಲಿ ಮಲಗಿ, ಅಲ್ಲಿಯವರೊಡನೆ ಉಂಡ ಆ ಏಳು ದಿನಗಳು ಅನೇಕರ ಬದುಕಿನ ದಿಕ್ಕನ್ನೇ ತಿದ್ದಿವೆ. ಆದರೆ ಅದರ ಚೌಕಟ್ಟಿನಲ್ಲಿ ವಿಷಯಜ್ಞಾನಕ್ಕೆ ನಿಶ್ಚಿತ ಸ್ಥಾನವಿಲ್ಲ. ಇತಿಹಾಸ ಓದುವವಳೂ ರಸಾಯನಶಾಸ್ತ್ರ ಓದುವವನೂ ಒಂದೇ ಚರಂಡಿಯ ಹೂಳೆತ್ತುತ್ತಾರೆ. ಶ್ರಮದ ಘನತೆಯನ್ನು ಇಬ್ಬರೂ ಕಲಿಯುತ್ತಾರೆ, ತಮ್ಮ ಓದು ಊರಿಗೆ ಏನು ಕೊಡಬಲ್ಲದು ಎಂಬುದು ಇಬ್ಬರಿಗೂ ತಿಳಿಯದೆ ಉಳಿಯುತ್ತದೆ.

2. ವೃತ್ತಿಶಿಕ್ಷಣ ಮತ್ತು ಸಾಮಾನ್ಯ ಪದವಿ

ವೃತ್ತಿಶಿಕ್ಷಣದಲ್ಲಿ ಸ್ಥಿತಿ ಬೇರೆ. ಬೀದರಿನಲ್ಲೇ ಕೇಂದ್ರ ಕಚೇರಿ ಇರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಪಶುವೈದ್ಯ ಪದವಿಯಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಈ ಗಡಿನಾಡಿನ ದೇವಣಿ ದನಗಳ ಆರೈಕೆ ಅಲ್ಲಿನ ವಿದ್ಯಾರ್ಥಿಗಳಿಗೆ ಪಾಠವೂ ಹೌದು, ಸೇವೆಯೂ ಹೌದು. ವೈದ್ಯಕೀಯ ವಿದ್ಯಾರ್ಥಿಗಳು ಕುಟುಂಬಗಳನ್ನು ದತ್ತು ಪಡೆದು ಅವುಗಳ ಆರೋಗ್ಯವನ್ನು ಗಮನಿಸುವ ಕಾರ್ಯಕ್ರಮ 2022ರಲ್ಲಿ ಪಠ್ಯಕ್ರಮಕ್ಕೆ ಬಂತು. ಬಿ.ಇಡಿ. 2015ರಲ್ಲಿ ಎರಡು ವರ್ಷದ್ದಾದ ಮೇಲೆ 20 ವಾರಗಳ ಶಾಲಾ ನಿಯೋಜನೆ ಅದರ ಭಾಗವಾಯಿತು. ಕೃಷಿ ಪದವಿಯವರಿಗೆ ಹಳ್ಳಿಯಲ್ಲಿದ್ದು ರೈತರೊಡನೆ ದುಡಿಯುವ ಅವಧಿ ಇದೆ.

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರಿಗೆ ಇಂಥ ವ್ಯವಸ್ಥೆ ಇನ್ನೂ ಬೇರೂರಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2020ರಲ್ಲಿ ಸೂಚಿಸಿದ ಸಮುದಾಯ ಸಹಭಾಗಿತ್ವದ ಕೋರ್ಸು ಎರಡು ಕ್ರೆಡಿಟ್‌ಗಳದ್ದು, ಒಟ್ಟು 30 ಗಂಟೆಗಳದ್ದು. ಅದರಲ್ಲಿ ಕನಿಷ್ಠ ಅರ್ಧ ಕ್ಷೇತ್ರಕಾರ್ಯವಾಗಿರಬೇಕು. ಎಲ್ಲ ವಿಷಯದವರಿಗೂ ಬಾಗಿಲು ತೆರೆದದ್ದು ಈ ಸೂಚನೆಯ ಹಿರಿಮೆ. ಆದರೆ 15 ಗಂಟೆಗಳ ಕ್ಷೇತ್ರಕಾರ್ಯ ಊರಿನ ಪರಿಚಯಕ್ಕೆ ಸಾಕಾಗಬಹುದು, ಊರಿಗೆ ನೆರವಾಗಲು ಸಾಲದು. ಜೂನ್–ಜುಲೈಯಲ್ಲಿ ಬಿತ್ತಿದ ತೊಗರಿ ರಾಶಿಯಾಗುವುದು ಡಿಸೆಂಬರ್–ಜನವರಿಯಲ್ಲಿ. ಒಂದು ಬೆಳೆಯ ಕಷ್ಟಸುಖ ಅರಿಯಲು ಬೇಕಾದ ಕಾಲ ಒಂದು ಸೆಮಿಸ್ಟರಿಗಿಂತ ದೊಡ್ಡದು.

3. ಗಾಂಧಿ ಗಂಜ: ಹಲವು ವಿಷಯಗಳು ಕೂಡುವ ಜಾಗ

ಗಾಂಧಿ ಗಂಜ ಬೀದರಿನ ಧಾನ್ಯದ ಪೇಟೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಸರು, ಉದ್ದು, ಅನಂತರ ಸೋಯಾ, ಚಳಿಗಾಲಕ್ಕೆ ತೊಗರಿ, ಅದರ ಬೆನ್ನಿಗೆ ಕಡಲೆ. ಮೊದಲ ಮೂರು ಒಂದು ಸೆಮಿಸ್ಟರಿನ ಪಾಲಿಗೆ, ಕೊನೆಯ ಎರಡು ಮತ್ತೊಂದರ ಪಾಲಿಗೆ ಬರುತ್ತವೆ. ವಿದ್ಯಾರ್ಥಿಗಳ ನಿಯೋಜನೆಯ ವೇಳಾಪಟ್ಟಿಯನ್ನು ಈ ಆವಕದ ಲೆಕ್ಕದ ಮೇಲೆ ಹೊಂದಿಸುವುದು ಕಷ್ಟವಲ್ಲ.

ಬಿ.ಕಾಂ. ವಿದ್ಯಾರ್ಥಿಗೆ ಇಲ್ಲಿ ಮೊದಲ ಪಾಠ ರೈತನ ಕೈಗೆ ಬರುವ ಮಾರಾಟದ ಪಟ್ಟಿ. ಕರ್ನಾಟಕದ ನಿಯಮದಂತೆ ದಲಾಲಿ ಖರೀದಿದಾರನ ಮೇಲೆ ಬೀಳಬೇಕು, ರೈತನ ಹಣದಲ್ಲಿ ಕಡಿತವಾಗಬಾರದು. ತೂಕ, ದರ, ಹಮಾಲಿ, ಕಡಿತ ಇವನ್ನು ಸಾಲುಸಾಲಾಗಿ ಓದಿ ಹೇಳಬಲ್ಲ ಒಬ್ಬ ವಿದ್ಯಾರ್ಥಿನಿ ಅಡತಿ ಅಂಗಡಿಯ ಮುಂದೆ ಮೇಜು ಹಾಕಿ ಕುಳಿತರೆ, ಲೆಕ್ಕಶಾಸ್ತ್ರದ ಅಧ್ಯಾಯಕ್ಕೆ ಜೀವ ಬರುತ್ತದೆ, ರೈತನಿಗೆ ತನ್ನ ಹಕ್ಕು ತಿಳಿಯುತ್ತದೆ. ಅರ್ಥಶಾಸ್ತ್ರದವರು 2014ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಏಕೀಕೃತ ಮಾರುಕಟ್ಟೆ ವೇದಿಕೆಯ ಟೆಂಡರ್ ದರವನ್ನೂ ಬೆಂಬಲ ಬೆಲೆಯನ್ನೂ ವಾರವಾರ ಹೋಲಿಸಿ ಕರಿಹಲಗೆಯ ಮೇಲೆ ಬರೆದಿಡಬಹುದು.

ವಿಜ್ಞಾನದ ವಿದ್ಯಾರ್ಥಿಗೂ ಇಲ್ಲಿ ಕೆಲಸವಿದೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೊಗರಿಯ ತೇವಾಂಶ ಶೇ. 12ನ್ನು ಮೀರುವಂತಿಲ್ಲ. ಗಾಡಿ ಬಾಡಿಗೆ ಕೊಟ್ಟು ಕೇಂದ್ರದವರೆಗೆ ಬಂದ ರೈತ ಈ ಒಂದು ಅಂಕಿಯಿಂದ ಮರಳಬೇಕಾದೀತು. ಕಾಲೇಜಿನ ಪ್ರಯೋಗಾಲಯದವರು ಊರಿನ ಕಣದಲ್ಲೇ ತೇವಾಂಶ ಅಳೆದು, ಇನ್ನೂ ಒಣಗಿಸಬೇಕೇ ಎಂದು ಹೇಳಿದರೆ ಆ ನಷ್ಟ ತಪ್ಪುತ್ತದೆ. ಸಂಖ್ಯಾಶಾಸ್ತ್ರದವರಿಗೆ ಬೆಳೆ ಕಟಾವು ಪ್ರಯೋಗ ಮಾದರಿ ಸಮೀಕ್ಷೆಯ ನೇರ ಪಾಠ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ಪರಿಹಾರ ನಿಂತಿರುವುದೂ ಇಳುವರಿಯ ಅಂದಾಜಿನ ಮೇಲೆಯೇ.

4. ಭಾಲ್ಕಿ ಮತ್ತು ಔರಾದ್: ಭಾಷೆಯ ಸೇವೆ

ಔರಾದ್ ತಾಲ್ಲೂಕಿನ ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದಕ್ಕೆ ತೆಲಂಗಾಣ. ಮನೆಮಾತು ಮರಾಠಿ, ಉರ್ದು, ತೆಲುಗು, ಲಂಬಾಣಿ ಆಗಿರುವ ಕುಟುಂಬಗಳು ಇಲ್ಲಿ ಬಹಳ. ಪಹಣಿ, ಪಿಂಚಣಿ ಅರ್ಜಿ, ವಿಮೆಯ ರಸೀದಿ ಕನ್ನಡದಲ್ಲಿ ಬರುತ್ತವೆ. ಭಾಷಾ ವಿದ್ಯಾರ್ಥಿಗಳು ಇವನ್ನು ಮನೆಮಾತಿನಲ್ಲಿ ವಿವರಿಸುವುದು, ಕನ್ನಡ ಕಲಿಯಬೇಕೆಂಬ ವಯಸ್ಕರಿಗೆ ಓದುಬರಹ ಹೇಳಿಕೊಡುವುದು ಈ ಗಡಿಯಲ್ಲಿ ಅತಿ ಜರೂರಿನ ಸೇವೆ.

ಇದಕ್ಕೆ ಭಾಲ್ಕಿಯಲ್ಲೇ ಹಿರಿಯ ಮಾದರಿ ಇದೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಊರಿಗೆ ಏನು ಬೇಕಿತ್ತೋ ಅದರಿಂದ ಆ ಶಾಲೆ ಹುಟ್ಟಿತು. ಇಂದಿನ ಕಾಲೇಜುಗಳು ಆ ಪರಂಪರೆಗೆ ವಾರಸುದಾರರಾಗುವ ದಾರಿಯೂ ಊರಿನ ಅಗತ್ಯದ ಮೂಲಕವೇ ಹಾದುಹೋಗುತ್ತದೆ.

5. ಉಳಿಯುವ ದಾಖಲೆ

ಸೇವೆಯ ಮೂಲಕ ಕಲಿಕೆಯ ಚಿಂತಕ ರಾಬರ್ಟ್ ಸಿಗ್ಮನ್ 1979ರಲ್ಲಿ ಮೂರು ತತ್ತ್ವಗಳನ್ನು ಮಂಡಿಸಿದರು. ಯಾವ ಸೇವೆ ಬೇಕೆಂಬುದನ್ನು ಪಡೆಯುವವರೇ ನಿರ್ಧರಿಸಬೇಕು; ಅದರಿಂದ ಅವರ ಸ್ವಂತ ಶಕ್ತಿ ಬೆಳೆಯಬೇಕು; ಸೇವೆ ಮಾಡುವವರೂ ಕಲಿಯುವವರೇ ಆಗಿರಬೇಕು. 

ಬೀದರ್ ಜಿಲ್ಲೆಯ ಅನುಭವದಿಂದ ನಾಲ್ಕನೆಯ ತತ್ತ್ವವೊಂದನ್ನು ಸೇರಿಸಬೇಕು: ನೆನಪು ಸಂಸ್ಥೆಯಲ್ಲಿ ಉಳಿಯಬೇಕು. ವಿದ್ಯಾರ್ಥಿ ಆರು ಸೆಮಿಸ್ಟರು ಮುಗಿಸಿ ಹೋಗುತ್ತಾನೆ. ಸರ್ಕಾರಿ ಪದವಿ ಕಾಲೇಜುಗಳು ಬಹಳವಾಗಿ ನೆಚ್ಚಿಕೊಂಡಿರುವ ಅತಿಥಿ ಉಪನ್ಯಾಸಕರೂ ಬದಲಾಗುತ್ತಾರೆ. ಪ್ರತಿ ವರ್ಷ ಹೊಸ ತಂಡ ಬಂದು ಅದೇ ಪ್ರಶ್ನಾವಳಿ ಹಿಡಿದು ಅದೇ ಮನೆಯ ಬಾಗಿಲು ತಟ್ಟಿದರೆ ಜನ ಬೇಸರಗೊಳ್ಳುವುದು ಸಹಜ. ಆದ್ದರಿಂದ ಪ್ರತಿ ವಿಭಾಗ ಒಂದು ಊರು ಅಥವಾ ಪೇಟೆಯೊಡನೆ ಕನಿಷ್ಠ ಐದು ವರ್ಷ ಸಂಬಂಧ ಇಟ್ಟುಕೊಳ್ಳಬೇಕು. ಕೆಲಸದ ದಾಖಲೆ ಪುಸ್ತಕದ ಒಂದು ಪ್ರತಿ ಕಾಲೇಜಿನಲ್ಲಿ, ಇನ್ನೊಂದು ಗ್ರಾಮ ಪಂಚಾಯಿತಿಯಲ್ಲಿ ಇರಬೇಕು. ಹೊಸ ತಂಡ ಹಿಂದಿನವರು ನಿಲ್ಲಿಸಿದ ಪುಟದಿಂದ ಮುಂದುವರಿಯಬೇಕು.

6. ಆಕ್ಷೇಪಗಳು

ಇದು ಪುಕ್ಕಟೆ ದುಡಿಮೆಯಾಗದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಸಂಬಳ ಕೊಟ್ಟು ಮಾಡಿಸಬೇಕಾದ ಹುದ್ದೆಯ ಕೆಲಸವನ್ನು ವಿದ್ಯಾರ್ಥಿಗಳಿಂದ ಮಾಡಿಸಕೂಡದೆಂಬ ನಿಯಮ ಸ್ಪಷ್ಟವಾಗಿರಬೇಕು. ಬಿಡುವಿನಲ್ಲಿ ಕೂಲಿ ಮಾಡಿ ಓದುವ ಹುಡುಗರಿಗೆ ಹೆಚ್ಚುವರಿ ಗಂಟೆ ಹೊರೆ. ಹಾಗಾಗಿ ಸೇವೆ ಕ್ರೆಡಿಟ್ ಒಳಗೇ, ಕಾಲೇಜಿನ ವೇಳೆಯಲ್ಲೇ ನಡೆಯಬೇಕು. ವಿದ್ಯಾರ್ಥಿನಿಯರಿಗೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ರಾಜ್ಯ ಸಾರಿಗೆಯ ಬಸ್ಸಿನ ಖರ್ಚನ್ನು ನೀಗಿಸಿದೆ. ಸಂಜೆಯೊಳಗೆ ಮನೆ ಸೇರುವ ಏರ್ಪಾಡು, ಜೊತೆಗೊಬ್ಬ ಅಧ್ಯಾಪಕಿ ಇರುವುದು ಪೋಷಕರ ಒಪ್ಪಿಗೆಗೆ ಅವಶ್ಯಕ.

7. ಉಪಸಂಹಾರ

ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ನೇಮಕವಾದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಬೀದರ್ ಸೇರಿದ್ದ ಅಂದಿನ ಗುಲಬರ್ಗಾ ವಿಭಾಗದವು. ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗದ ಯುವಜನರಿಗೆ ಸೀಟು, ಹುದ್ದೆಗಳಲ್ಲಿ ಪಾಲು ಸಿಕ್ಕಿದೆ. ಆ ಪಾಲನ್ನು ಪಡೆದು ಓದಿದವರ ಜ್ಞಾನ ಓದುವಾಗಲೇ ಊರಿಗೂ ದಕ್ಕಬೇಕು. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ನೆಲೆಸಿರುವ ಬೀದರ್ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗಳು ಪ್ರತಿ ವಿಷಯದಲ್ಲೂ ಒಂದು ಪತ್ರಿಕೆಯನ್ನು ಕ್ಷೇತ್ರಸೇವೆಗೆ ಮೀಸಲಿಡಬೇಕು. ಅದರ ಅಂಕಗಳಲ್ಲಿ ಒಂದು ಭಾಗವನ್ನು ಸೇವೆ ಪಡೆದ ರೈತ, ಹಮಾಲಿ, ಪಂಚಾಯಿತಿಯ ಅಭಿಪ್ರಾಯದ ಮೇಲೆ ಕೊಡಬೇಕು. ಮೊದಲ ಪ್ರಯೋಗಕ್ಕೆ ವಾಣಿಜ್ಯ ವಿಭಾಗ ಮತ್ತು ಗಾಂಧಿ ಗಂಜದ ತೊಗರಿ ಹಂಗಾಮು ಸಾಕು. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ. ಪಠ್ಯಕ್ರಮದಲ್ಲಿ ಒಂದು ತೀರ್ಮಾನ ಬೇಕು.