ಮರೀನ್ ಡೂಮ್

ಅಮೆರಿಕದ ಮರೀನ್ ಕೋರ್ ತನ್ನ ಸಣ್ಣ ತುಕಡಿಗಳ ತರಬೇತಿಗಾಗಿ 1996ರಲ್ಲಿ ಸಿದ್ಧಪಡಿಸಿದ ವಿಡಿಯೋ ಗೇಮ್. ಇಡ್ ಸಾಫ್ಟ್‌ವೇರ್ ಸಂಸ್ಥೆಯ ‘ಡೂಮ್ 2’ (1994) ಆಟದ ಮಾರ್ಪಾಟು. ಸೇನೆ ಬಳಸಲೆತ್ನಿಸಿದ ಮೊದಲ ಆಟ ಇದಲ್ಲ. ಸಾಮಾನ್ಯ ಪರ್ಸನಲ್ ಕಂಪ್ಯೂಟರಿನಲ್ಲೇ ತುಕಡಿಯ ಅಭ್ಯಾಸ ನಡೆಸಬಹುದೆಂದು ತೋರಿಸಿದ್ದು ಇದರ ಹೆಚ್ಚುಗಾರಿಕೆ.

ಹಿನ್ನೆಲೆ

ಅಟಾರಿ ಸಂಸ್ಥೆ ತನ್ನ ‘ಬ್ಯಾಟಲ್‌ಝೋನ್’ (1980) ಆಟವನ್ನು ಬ್ರಾಡ್ಲಿ ಯುದ್ಧವಾಹನದ ಗನ್ನರ್‌ಗಳ ತರಬೇತಿಗೆ ಮಾರ್ಪಡಿಸಿತ್ತು. ಅದು ಮಾದರಿಯ ಹಂತ ದಾಟಲಿಲ್ಲ. ಆಮೇಲೆ ಬಂದ ‘ಸಿಮ್‌ನೆಟ್’ ಟ್ಯಾಂಕ್ ಸಿಮ್ಯುಲೇಟರ್‌ಗಳನ್ನು ಜಾಲದಲ್ಲಿ ಜೋಡಿಸಿತಾದರೂ ಅದಕ್ಕೆ ವಿಶೇಷ ಯಂತ್ರಗಳು ಬೇಕಿದ್ದವು. ಮರೀನ್ ಕೋರ್‌ಗೆ ಅಗ್ಗದ ದಾರಿ ಅಗತ್ಯವಾಗಿತ್ತು. 1995ರಲ್ಲಿ ಅದರ ಮುಖ್ಯಸ್ಥರಾದ ಜನರಲ್ ಚಾರ್ಲ್ಸ್ ಕ್ರುಲಾಕ್ ನಿರ್ಧಾರಶಕ್ತಿಯ ತರಬೇತಿಗೆ ಒತ್ತುಕೊಟ್ಟರು. ಕಂಪ್ಯೂಟರ್ ಯುದ್ಧದಾಟಗಳ ಬಳಕೆಗೆ 1997ರ ಆದೇಶವೊಂದು ಅಧಿಕೃತ ಒಪ್ಪಿಗೆ ನೀಡಿತು.

ರಚನೆ

ವರ್ಜೀನಿಯಾದ ಕ್ವಾಂಟಿಕೊದಲ್ಲಿದ್ದ ಮರೀನ್ ಕೋರ್‌ನ ಮಾಡೆಲಿಂಗ್ ಮತ್ತು ಸಿಮ್ಯುಲೇಷನ್ ಕಚೇರಿಯಲ್ಲಿ ಲೆಫ್ಟಿನೆಂಟ್ ಸ್ಕಾಟ್ ಬಾರ್ನೆಟ್ ಮತ್ತು ಸಾರ್ಜೆಂಟ್ ಡ್ಯಾನ್ ಸ್ನೈಡರ್ ಈ ಕೆಲಸ ಮಾಡಿದರು. ಇಷ್ಟು ಸಣ್ಣ ತಂಡಕ್ಕೆ ಇದು ಸಾಧ್ಯವಾದದ್ದು ಡೂಮ್‌ನ ವಿನ್ಯಾಸದಿಂದ. ಆಟ ನಡೆಸುವ ಎಂಜಿನ್ ಬೇರೆ, ನಕ್ಷೆ-ಚಿತ್ರ-ಸದ್ದುಗಳನ್ನು ಹಿಡಿದಿಟ್ಟ ‘ವ್ಯಾಡ್’ ಕಡತ ಬೇರೆ. ಹೊಸ ವ್ಯಾಡ್ ಕಡತ ತುಂಬಿದರೆ ಎಂಜಿನ್ ಹಳೆಯದರ ಬದಲು ಅದನ್ನೇ ಓದಿಕೊಳ್ಳುತ್ತದೆ. ಡೂಮ್‌ನ ಮೂಲಸಂಕೇತ ಸಾರ್ವಜನಿಕರಿಗೆ ಸಿಕ್ಕಿದ್ದು 1997ರ ಡಿಸೆಂಬರ್‌ನಲ್ಲಿ. ಮರೀನ್ ಡೂಮ್ ಅದಕ್ಕೂ ಮೊದಲಿನದು; ಹಾಗಾಗಿ ಬದಲಾವಣೆಗೆ ವ್ಯಾಡ್ ಕಡತವೇ ದಾರಿಯಾಯಿತು. ಮೂಲ ಆಟದ ರಾಕ್ಷಸರ ಜಾಗಕ್ಕೆ ಶತ್ರು ಸೈನಿಕರು ಬಂದರು. ಅವರ ಚಿತ್ರಗಳಿಗೆ ಆಟಿಕೆ ಸೈನಿಕರನ್ನು ಸ್ಕ್ಯಾನ್ ಮಾಡಿ ಬಳಸಲಾಯಿತು. ಎಂ-16 ರೈಫಲ್, ಎಂ-249 ಮೆಷಿನ್‌ಗನ್, ಬಂಕರುಗಳು ಸೇರಿದವು.

ಎಂಜಿನ್‌ನ ಮಿತಿ ಮಾತ್ರ ಹಾಗೆಯೇ ಉಳಿಯಿತು. ಡೂಮ್‌ನ ನಕ್ಷೆ ಮೂಲತಃ ಸಮತಲದ ರೇಖಾಚಿತ್ರ. ಅದರ ಪ್ರತಿ ವಿಭಾಗಕ್ಕೂ ಒಂದೇ ನೆಲ, ಒಂದೇ ಛಾವಣಿ. ಹೀಗಾಗಿ ಕೋಣೆಯ ಮೇಲೆ ಕೋಣೆ ಕಟ್ಟಲಾಗದು. ನಗರಕಾಳಗದಲ್ಲಿ ನಿರ್ಣಾಯಕವಾದ ಮಹಡಿ ಕಟ್ಟಡಗಳು ಇಲ್ಲಿ ಅಸಾಧ್ಯ. ಆಟಗಾರ ತಲೆಯೆತ್ತಿ ನೋಡಲಾರ, ಬೋರಲು ಮಲಗಿ ಮರೆಯಾಗಲಾರ.

ತರಬೇತಿ

ಜಾಲದಲ್ಲಿ ಡೂಮ್ ಆಡಬಹುದಾದವರು ಗರಿಷ್ಠ ನಾಲ್ವರು. ಮರೀನ್ ಕೋರ್‌ನ ಅತಿ ಚಿಕ್ಕ ಘಟಕವಾದ ಫೈರ್ ಟೀಮ್‌ನಲ್ಲಿಯೂ ನಾಲ್ವರೇ. ಈ ಹೊಂದಾಣಿಕೆ ಪ್ರಯೋಗಕ್ಕೆ ಬಹುಶಃ ಎಲ್ಲಕ್ಕಿಂತ ಹೆಚ್ಚು ನೆರವಾಯಿತು. ನಾಯಕ ಆದೇಶ ಕೊಡಬೇಕು, ಒಬ್ಬ ಮುನ್ನುಗ್ಗುವಾಗ ಇನ್ನೊಬ್ಬ ಗುಂಡಿನ ರಕ್ಷಣೆ ಒದಗಿಸಬೇಕು, ಮದ್ದುಗುಂಡು ಲೆಕ್ಕವಿಟ್ಟು ಬಳಸಬೇಕು. ಜೊತೆಗಾರನಿಗೂ ಗುಂಡು ತಗಲುವುದರಿಂದ ಎಚ್ಚರ ತಪ್ಪುವಂತಿರಲಿಲ್ಲ. ಆಯುಧದ ಭಾರ, ಹಿನ್ನೊದೆತ, ದಣಿವು, ಭಯಗಳನ್ನು ಆಟ ಕಲಿಸಲಾರದು. ಆದ್ದರಿಂದ ಇದನ್ನು ಗುರಿಯ ಅಭ್ಯಾಸವೆನ್ನುವುದಕ್ಕಿಂತ ಹೊಂದಾಣಿಕೆಯ ಅಭ್ಯಾಸವೆನ್ನುವುದು ಸರಿ.

ಮುಂದುವರಿಕೆ

ಮಾರುಕಟ್ಟೆಯ ಆಟಗಳನ್ನು ತರಬೇತಿಗೆ ಒಗ್ಗಿಸುವ ಕೆಲಸ ಮುಂದೆಯೂ ನಡೆಯಿತು. ಬೊಹೆಮಿಯಾ ಇಂಟರಾಕ್ಟಿವ್‌ನ ‘ಆಪರೇಷನ್ ಫ್ಲ್ಯಾಶ್‌ಪಾಯಿಂಟ್’ (2001) ಆಟದ ತಂತ್ರಜ್ಞಾನದಿಂದ ಸೇನಾ ತರಬೇತಿಯ ‘ವಿಬಿಎಸ್’ ಸಿಮ್ಯುಲೇಟರ್ ಸರಣಿ ಹುಟ್ಟಿತು. ಅಮೆರಿಕ, ಆಸ್ಟ್ರೇಲಿಯಾ ಮೊದಲಾದ ದೇಶಗಳ ಸೇನೆಗಳು ಅದನ್ನು ಬಳಸಿದವು. ಆಪರೇಷನ್ ಫ್ಲ್ಯಾಶ್‌ಪಾಯಿಂಟ್ ಆಟದ ಮೇಲೆಯೇ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಾರ್ಪಾದ ನೆರವಿನಿಂದ ರೂಪುಗೊಂಡ ‘ಡಾರ್‌ವಾರ್ಸ್ ಆಂಬುಷ್’, ವಾಹನಸಾಲಿನ ಮೇಲೆ ನಡೆಯುವ ಹೊಂಚುದಾಳಿ ಎದುರಿಸಲು ತರಬೇತಿ ನೀಡಿತು. ಅದರಲ್ಲಿ ಸನ್ನಿವೇಶಗಳನ್ನು ತರಬೇತುದಾರರೇ ಬದಲಿಸಬಹುದಿತ್ತು. ಚಿತ್ರದ ನೈಜತೆಗಿಂತಲೂ, ಪಾಠವನ್ನು ಕಲಿಸುವವರೇ ತಿದ್ದಿಕೊಳ್ಳುವ ಈ ಸ್ವಾತಂತ್ರ್ಯವೇ ಮರೀನ್ ಡೂಮ್ ತೋರಿದ ಮುಖ್ಯ ದಾರಿ.