ಕೆರ, ಎಕ್ಕಡ, ಮೆಟ್ಟು: ಕಾಲಿನ ಸುಖಕ್ಕೆ ಬೆಲೆ ತೆತ್ತವರು ಯಾರು?

ನಮ್ಮ ತಿಗನಾರೆ, ತಾಳವಾಡಿ ಭಾಗದ ಹಿರಿಯರು ಕಾಲಿಗೆ ಹಾಕುವುದನ್ನು ಎಕ್ಕಡ ಎನ್ನುತ್ತಾರೆ, ಮೆಟ್ಟು ಎನ್ನುತ್ತಾರೆ, ಕೆರ ಎಂದೂ ಅನ್ನುವುದುಂಟು. ಮಕ್ಕಳು ಚಪ್ಪಲಿ, ಶೂ ಎಂಬ ಎರಡೇ ಮಾತು ಬಲ್ಲರು. ಪಠ್ಯಪುಸ್ತಕದಲ್ಲಿ ಪಾದರಕ್ಷೆ ಎಂದಿರುತ್ತದೆ. ಹಳೆಯ ಪದಗಳು ಈಗ ಹೆಚ್ಚಾಗಿ ಕೇಳುವುದು ಬೈಗುಳದಲ್ಲಿ ಮಾತ್ರ. ಕಾಲನ್ನು ಕಾಯುವ ವಸ್ತುವಿನ ಹೆಸರು ಬೈಗುಳ ಹೇಗಾಯಿತು? ಅದನ್ನು ಹೊಲಿದವರ ಹೆಸರೂ ಅದರ ಜೊತೆಗೇ ಬೈಗುಳವಾದದ್ದು ಏಕೆ? ಈ ಪ್ರಶ್ನೆಯನ್ನು ಇಟ್ಟುಕೊಂಡು ಕೈಯಿಂದ ಮಾಡಿದ ತೊಗಲಿನ ಪಾದರಕ್ಷೆಯ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಪದದಲ್ಲಿ ಅಡಗಿರುವ ನೆಂಟಸ್ತಿಕೆ

ಗಡಿಯಲ್ಲಿರುವ ನಮಗೆ ಎರಡು ಭಾಷೆಗಳ ಲಾಭವಿದೆ. ಹಳಗನ್ನಡದ ‘ಕೆರ್ಪು’, ನಡುವಿನ ಕಾಲದ ‘ಕೆರವು’, ಈಗಿನ ‘ಕೆರ’ ಎಲ್ಲ ಒಂದೇ ಬಳ್ಳಿಯವು. ತಮಿಳಿನಲ್ಲಿ ಇದೇ ‘ಸೆರುಪ್ಪು’, ತೆಲುಗಿನಲ್ಲಿ ‘ಚೆಪ್ಪು’. ಕನ್ನಡದಲ್ಲಿ ಇ, ಎ ಸ್ವರಗಳ ಮುಂದೆ ಕಕಾರ ಇರುವ ಹಲವು ಕಡೆ ತಮಿಳಿನಲ್ಲಿ ಚಕಾರ (ಉಚ್ಚಾರದಲ್ಲಿ ಸಕಾರ) ಬರುತ್ತದೆ. ನಮ್ಮ ‘ಕಿವಿ’ ಅವರ ‘ಸೆವಿ’, ನಮ್ಮ ‘ಕೇರಿ’ ಅವರ ‘ಸೇರಿ’, ನಮ್ಮ ‘ಕೆಂಪು’ ಅವರ ‘ಸೆಂ’. ತಮಿಳು ಪಾಠವನ್ನೂ ಓದುವ ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ಎರಡೂ ಭಾಷೆ ಹತ್ತಿರವಾಗುತ್ತವೆ. ಭಾಷೆಗಳು ಬೇರೆಯಾಗುವ ಮೊದಲೇ ನಮ್ಮ ಪೂರ್ವಿಕರು ಪಾದರಕ್ಷೆ ಬಲ್ಲವರಾಗಿದ್ದರು ಎಂಬುದಕ್ಕೂ ಇದು ಸಾಕ್ಷಿ.

ಪ್ರಪಂಚದ ಬೇರೆ ಕಡೆಯೂ ಹೀಗೆಯೇ. ಅರ್ಮೇನಿಯಾ ದೇಶದ ಅರೇನಿ ಎಂಬಲ್ಲಿನ ಗವಿಯೊಂದರಲ್ಲಿ 2008ರಲ್ಲಿ ಸಿಕ್ಕ ತೊಗಲಿನ ಶೂ ಸುಮಾರು 5,500 ವರ್ಷ ಹಳೆಯದು. ಒಂದೇ ತುಂಡು ದನದ ಚರ್ಮವನ್ನು ಪಾದಕ್ಕೆ ಸುತ್ತಿ ತೊಗಲಿನ ದಾರದಿಂದ ಬಿಗಿದದ್ದು. ಉತ್ತರ ಅಮೆರಿಕದ ಮೂಲನಿವಾಸಿಗಳ ‘ಮೊಕಾಸಿನ್’ ಕೂಡ ಅಡಿಯಿಂದ ಮೇಲಕ್ಕೆ ಚರ್ಮ ಮಡಚಿ ಹೊಲಿದದ್ದೇ. ಅದೇ ಮಾದರಿಯಲ್ಲಿ ಇಂದು ಕೈಯಿಂದ ಹೊಲಿದ ಬೂಟುಗಳನ್ನು ಅಲ್ಲಿನ ಹಣವಂತರು ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ. ನಮ್ಮದು ಬಿಸಿಲಿನ ನಾಡು, ಮುಚ್ಚಿದ ಬೂಟು ಬೇಕಿರಲಿಲ್ಲ. ದಪ್ಪ ಅಟ್ಟೆ, ಮೇಲೊಂದು ಪಟ್ಟಿ, ಹೆಬ್ಬೆರಳಿಗೆ ಒಂದು ಉಂಗುಟ, ಇಷ್ಟರಲ್ಲೇ ಮುಳ್ಳು, ಕಲ್ಲು, ಕಾದ ನೆಲ ಎಲ್ಲದರಿಂದ ರಕ್ಷಣೆ.

ಸುಖ ಎಲ್ಲಿಂದ ಬಂತು?

ಕೈಯಿಂದ ಮಾಡಿದ ಚಪ್ಪಲಿಯ ಸುಖಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು ಅಳತೆ. ಚಪ್ಪಲಿ ಹೊಲಿಯುವವರು ಪಾದವನ್ನೇ ಚರ್ಮದ ಮೇಲೆ ಇರಿಸಿ ಗೆರೆ ಎಳೆದುಕೊಳ್ಳುತ್ತಿದ್ದರು. ಎಡಗಾಲು ಬಲಗಾಲಿಗಿಂತ ಒಂದು ನೂಲು ಹೆಚ್ಚಿದ್ದರೆ ಅದರ ಅಟ್ಟೆಯೂ ಒಂದು ನೂಲು ಹೆಚ್ಚು. ಎರಡನೆಯದು ಚರ್ಮದ ಹದ. ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ನೆನೆಸಿ ಹದ ಮಾಡಿದ ಚರ್ಮ ಮೊದಲು ಗಡುಸು. ಹೊಸದರಲ್ಲಿ ಕಚ್ಚುತ್ತದೆ, ಕಿರ್ ಕಿರ್ ಎನ್ನುತ್ತದೆ. ಎಣ್ಣೆ ಸವರಿ ನಾಲ್ಕು ದಿನ ತುಳಿದರೆ ಪಾದದ ಅಚ್ಚು ಅದರಲ್ಲಿ ಕೂತುಬಿಡುತ್ತದೆ. ಬೆವರನ್ನು ಹೀರಿಕೊಳ್ಳುತ್ತದೆ.

ಹದಕ್ಕೆ ಬೇಕಾದ ಸಾಮಗ್ರಿ ನಮ್ಮ ಸುತ್ತಲೇ ಇದೆ. ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ (ತಮಿಳಿನಲ್ಲಿ ಆವಾರಂ), ಜಾಲಿಯ ಚಕ್ಕೆ, ಕಾಡಿನ ಅಳಲೆಕಾಯಿ. ಅಳಲೆಕಾಯಿಯನ್ನು ಬೆಟ್ಟದಿಂದ ಆರಿಸಿ ತಂದವರು ಸೋಲಿಗರು. ಈ ತಂಗಡಿ ತೊಗಟೆಯಿಂದಲೇ ಮದರಾಸು ಪ್ರಾಂತದ ಹದ ಮಾಡಿದ ಚರ್ಮ ಲಂಡನ್ ಪೇಟೆಯಲ್ಲಿ ‘ಈಸ್ಟ್ ಇಂಡಿಯಾ’ ಚರ್ಮ ಎಂದು ಹೆಸರಾಯಿತು. ನಮ್ಮ ಜಿಲ್ಲಾ ಕೇಂದ್ರ ಈರೋಡು, ದಿಂಡಿಗಲ್, ತಿರುಚ್ಚಿ ಇದರ ಕೇಂದ್ರಗಳು. 1914-18ರ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟುಗಳ ಮೇಲ್ಭಾಗಕ್ಕೆ ಈ ಚರ್ಮವೇ ಹೋಯಿತು. ಅದನ್ನು ಹದ ಮಾಡಿದ ಎಷ್ಟೋ ಕೈಗಳ ಒಡೆಯರು ಬರಿಗಾಲಿನವರೇ ಆಗಿದ್ದರು.

ಆಯದ ಲೆಕ್ಕ

ಹಿಂದೆ ಹಳ್ಳಿಗಳಲ್ಲಿ ಚಪ್ಪಲಿಗೆ ರೊಕ್ಕ ಕೊಡುವ ಪದ್ಧತಿ ಇರಲಿಲ್ಲ. ಕಮ್ಮಾರ, ಬಡಗಿ, ಅಗಸ, ಕ್ಷೌರಿಕರಂತೆ ಚರ್ಮದ ಕೆಲಸದವರಿಗೂ ಸುಗ್ಗಿಯ ಕಣದಲ್ಲಿ ‘ಆಯ’ ಅಳೆದು ಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಅವರು ಮಾಡಬೇಕಾದ ಕೆಲಸದ ಪಟ್ಟಿ ಮಾತ್ರ ಉದ್ದವಾಗಿತ್ತು. ಸತ್ತ ದನವನ್ನು ಎಳೆದು ಚರ್ಮ ಸುಲಿಯುವುದು, ಹದ ಮಾಡುವುದು, ಮನೆಯವರಿಗೆಲ್ಲ ಚಪ್ಪಲಿ, ನೊಗಕ್ಕೆ ಮಿಣಿ, ತಮಟೆಗೆ ಚರ್ಮ, ಇದರ ಮೇಲೆ ಬಾವಿಯ ಕಪಿಲೆಗೆ ತೊಗಲಿನ ಚೀಲ. ಆ ಚೀಲ ಹರಿದರೆ ತೋಟಕ್ಕೆ ನೀರಿಲ್ಲ. ಕೆಳಗಿನ ಕೊಂಗು ನಾಡಿನ ಬೇಸಾಯವೆಲ್ಲ ಕಪಿಲೆಯ ಮೇಲೆ ನಿಂತಿದ್ದ ಕಾಲದಲ್ಲಿ ಅರುಂಧತಿಯರ ಕೈಕೆಲಸವಿಲ್ಲದೆ ಒಂದು ಬೆಳೆಯೂ ಮನೆ ಸೇರುತ್ತಿರಲಿಲ್ಲ.

ಇಲ್ಲೊಂದು ಸ್ವಾರಸ್ಯದ ಸಂಗತಿ. ಹೊಸ ವಿಧಾನದ ಕ್ರೋಮ್ ಹದವನ್ನು ಮದರಾಸಿನಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ 1903ರಲ್ಲಿ ಪ್ರಯೋಗ ಮಾಡಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಶೂಗಳಿಗಿಂತ ಹೆಚ್ಚಾಗಿ ಕಪಿಲೆಯ ಚೀಲ! ನೀರಿನಲ್ಲಿ ಬೇಗ ಕೊಳೆಯದ ಚರ್ಮ ರೈತರಿಗೆ ಬೇಕಿತ್ತು. ಇದೇ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ತೊಗಟೆಯ ಹದಕ್ಕೆ ವಾರಗಟ್ಟಲೆ ಬೇಕು, ಕ್ರೋಮಿಗೆ ಒಂದೆರಡು ದಿನ ಸಾಕು. ಕೆಲಸ ಹಳ್ಳಿಯಿಂದ ಕಾರ್ಖಾನೆಗೆ ಹೋಯಿತು. 1932ರಲ್ಲಿ ನೀಲಗಿರಿಯ ಪೈಕಾರ ಜಲವಿದ್ಯುತ್ ಬಂದ ಮೇಲೆ ಕೊಯಮತ್ತೂರು ಸೀಮೆಯ ಬಾವಿಗಳಿಗೆ ಪಂಪ್‌ಸೆಟ್ಟುಗಳು ಬಂದವು, ಕಪಿಲೆ ಕ್ರಮೇಣ ನಿಂತಿತು. ಬಾಟಾ ಕಂಪನಿ 1931ರಲ್ಲಿ ಬಂಗಾಳದ ಕೊನ್ನಗರದಲ್ಲಿ ಶುರುವಾಯಿತು. ಆಮೇಲೆ ರಬ್ಬರಿನ ಹವಾಯಿ ಚಪ್ಪಲಿ, ಟೈರಿನ ಚಪ್ಪಲಿ ಸಂತೆಗೆ ಬಂದವು. ಹೀಗೆ ಹಳ್ಳಿಯ ಚರ್ಮದ ಕೆಲಸದವರಿಂದ ಕಸುಬು ಜಾರಿತು, ಆಯ ನಿಂತಿತು. ಕಸುಬಿನ ಜೊತೆ ಅಂಟಿಸಿದ ಕೀಳು ಮಾತ್ರ ಹೋಗಲಿಲ್ಲ.

ಹೊಲಿದವರಿಗೇ ಇಲ್ಲದ ಚಪ್ಪಲಿ

ಚಪ್ಪಲಿ ಹೊಲಿಯುವವರು ಚಪ್ಪಲಿ ಮೆಟ್ಟಿಕೊಂಡು ಊರೊಳಗೆ ನಡೆಯುವಂತಿರಲಿಲ್ಲ. ಮೇಲಿನವರ ಬೀದಿ ಬಂದಾಗ ಕಳಚಿ ಕೈಯಲ್ಲಿ ಹಿಡಿಯಬೇಕಿತ್ತು. ಇದು ಬರೀ ಬಾಯಿಮಾತಿನ ಕಥೆಯಲ್ಲ. 1930ರ ಡಿಸೆಂಬರಿನಲ್ಲಿ ರಾಮನಾಥಪುರ ಜಿಲ್ಲೆಯಲ್ಲಿ ಆದಿದ್ರಾವಿಡರ ಮೇಲೆ ಪ್ರಬಲ ಜಾತಿಯವರು ಎಂಟು ನಿಷೇಧಗಳನ್ನು ಹೇರಿದರು. ಚಿನ್ನ ಬೆಳ್ಳಿಯ ಒಡವೆ ಹಾಕಬಾರದು, ಗಂಡಸರು ಅಂಗಿ ತೊಡಬಾರದು ಎಂಬುದರ ಜೊತೆಗೆ ಮಳೆ ಬಿಸಿಲಿಗೆ ಕೊಡೆ ಹಿಡಿಯಬಾರದು, ಕಾಲಿಗೆ ಚಪ್ಪಲಿ ಹಾಕಬಾರದು ಎಂಬುದೂ ಸೇರಿತ್ತು. 1931ರ ಜನಗಣತಿಯ ವರದಿಯಲ್ಲಿ ಜೆ.ಎಚ್. ಹಟ್ಟನ್ ಇದನ್ನು ದಾಖಲಿಸಿದ್ದಾರೆ. ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು, 1955ರಲ್ಲಿ ಅದನ್ನು ಶಿಕ್ಷೆಗೆ ಗುರಿಪಡಿಸುವ ಕಾಯ್ದೆ ಬಂತು. ತಮಿಳುನಾಡು 2009ರಲ್ಲಿ ಪರಿಶಿಷ್ಟ ಜಾತಿಯ 18% ಮೀಸಲಾತಿಯ ಒಳಗೆ ಅರುಂಧತಿಯರಿಗೆ 3% ಒಳಮೀಸಲಾತಿ ಕೊಟ್ಟಿತು. ಒಳವರ್ಗೀಕರಣ ಸರಿ ಎಂದು ಸುಪ್ರೀಂ ಕೋರ್ಟು 2024ರ ಆಗಸ್ಟಿನಲ್ಲಿ ತೀರ್ಪು ನೀಡಿತು. ಇವೆಲ್ಲ ದೊಡ್ಡ ಹೆಜ್ಜೆಗಳು. ಕಾನೂನಿಗೆ ಸಿಕ್ಕದೆ ಉಳಿದಿರುವುದು ನಾಲಿಗೆಯ ಮೇಲಿನ ಬೈಗುಳ.

ಹರಳಯ್ಯನವರ ಸಾಲ

ಕನ್ನಡದ ಪರಂಪರೆ ಈ ಅನ್ಯಾಯವನ್ನು ಸುಮ್ಮನೆ ನೋಡುತ್ತಾ ಕೂತಿರಲಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದ ಶರಣ ಹರಳಯ್ಯನವರ ಕಥೆ ಎಲ್ಲರಿಗೂ ಗೊತ್ತು. ಹರಳಯ್ಯ ‘ಶರಣು’ ಎಂದರೆ ಬಸವಣ್ಣ ‘ಶರಣು ಶರಣಾರ್ಥಿ’ ಎಂದರಂತೆ. ತಾನು ಕೊಟ್ಟದ್ದಕ್ಕಿಂತ ಒಂದು ಶರಣು ಹೆಚ್ಚಾಗಿ ಬಂತಲ್ಲ, ಇದು ಸಾಲವಾಯಿತಲ್ಲ ಎಂದು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿ ಒಯ್ದರು. ಬಸವಣ್ಣ ಅದನ್ನು ಕಾಲಿಗೆ ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು. ಮುಂದೆ ಹರಳಯ್ಯನವರ ಮಗ ಶೀಲವಂತನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾಯಿತು. ಅದಕ್ಕಾಗಿ ಬಿಜ್ಜಳನ ಆಳ್ವಿಕೆಯಲ್ಲಿ ಇಬ್ಬರು ಬೀಗರಿಗೂ ಎಳೆಹೂಟೆಯ ಶಿಕ್ಷೆಯಾಯಿತು, ಕಲ್ಯಾಣದಲ್ಲಿ ಕ್ರಾಂತಿಯಾಯಿತು.

ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗ ನಾವು ಸಾಮಾನ್ಯವಾಗಿ ಭಕ್ತಿಯನ್ನು ಎತ್ತಿ ಹೇಳುತ್ತೇವೆ. ಲೆಕ್ಕವನ್ನೂ ಹೇಳಬೇಕು. ಒಂದು ಮರ್ಯಾದೆಯ ಮಾತು ಹೆಚ್ಚಾಗಿ ಸಿಕ್ಕಿದ್ದಕ್ಕೆ ಮೈಯ ಚರ್ಮವನ್ನೇ ತೆತ್ತರು ಎಂದರೆ, ಅಲ್ಲಿಯವರೆಗೆ ಅವರಿಗೆ ಸಿಕ್ಕ ಮರ್ಯಾದೆ ಎಷ್ಟಿತ್ತು?

ನಮ್ಮ ಬೆಟ್ಟಗಳ ದೇವರ ಕಥೆಗಳಲ್ಲೂ ಪಾದರಕ್ಷೆ ಇದೆ. ಕಂಸಾಳೆಯವರು ಹಾಡುವ ಮಲೆ ಮಾದೇಶ್ವರನ ಕಾವ್ಯದಲ್ಲಿ ಶ್ರವಣ ದೊರೆಯನ್ನು ಮಾದಪ್ಪ ಗೆಲ್ಲುವುದು ಹರಳಯ್ಯನಿಂದ ಮಾಡಿಸಿದ ಪಾದರಕ್ಷೆಯ ಉಪಾಯದಿಂದ. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ರಂಗನಾಥನಿಗೆ ಎರಡು ವರ್ಷಕ್ಕೊಮ್ಮೆ 1 ಅಡಿ 9 ಅಂಗುಲದ ತೊಗಲಿನ ಚಪ್ಪಲಿ ಅರ್ಪಿಸುತ್ತಾರೆ. ದೇವರು ಕಾಡಿನಲ್ಲಿ ತಿರುಗಿ ಅದನ್ನು ಸವೆಸುತ್ತಾನೆ ಎಂಬುದು ಭಕ್ತರ ನಂಬಿಕೆ. ದೇವರ ಕಾಲಿನದಾದರೆ ಅದೇ ಚಪ್ಪಲಿಯನ್ನು ತಲೆಗೆ ಮುಟ್ಟಿಸಿಕೊಳ್ಳುವ ನಾವು, ಅದನ್ನು ಮಾಡಿದ ಕೈಯನ್ನು ಮುಟ್ಟಲು ಹಿಂಜರಿದೆವು. ಇದಕ್ಕೆ ಏನು ಹೇಳೋಣ?

ಅಥಣಿಯಿಂದ ಮಿಲಾನಿಗೆ

ಕೈಕೆಲಸದ ಚಪ್ಪಲಿ ಇನ್ನೂ ಜೀವಂತವಾಗಿರುವ ಕನ್ನಡದ ಊರುಗಳಲ್ಲಿ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಮುಖ್ಯವಾದವು. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಯ ದೊಡ್ಡ ಪಾಲು ಹುಟ್ಟುವುದು ಇಲ್ಲೇ. 2019ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಹೀಗೆ ಎಂಟು ಜಿಲ್ಲೆಗಳಿಗೆ ಸಮನಾಗಿ. ರಾಜ್ಯಗಳ ಗಡಿ ಮೀರಿದ ಕಸುಬು ಎಂಬುದನ್ನು ಗಡಿಯ ನಾವು ಬೇಗ ಅರ್ಥ ಮಾಡಿಕೊಳ್ಳಬಲ್ಲೆವು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಗಿ ತಾಳವಾಡಿ ಮದರಾಸಿನಲ್ಲೇ ಉಳಿದಾಗಲೂ ಮಾದಪ್ಪನ ಪರಿಷೆಗೆ ಹೋಗುವ ದಾರಿ ಎರಡಾಗಲಿಲ್ಲ.

ಅಥಣಿಯ ಚಪ್ಪಲಿ ಇಂದಿಗೂ ಹೆಚ್ಚಾಗಿ ಮನೆಯ ಕೆಲಸ. ಗಂಡಸರು ಅಟ್ಟೆ ಕತ್ತರಿಸಿ ಹೊಲಿದರೆ ಹೆಂಗಸರು ಜಡೆ ಹೆಣೆಯುತ್ತಾರೆ, ತೂತು ಹೊಡೆದು ಅಲಂಕಾರ ಮಾಡುತ್ತಾರೆ. ಮೊಳೆ ಹೊಡೆಯದೆ ತೊಗಲಿನ ದಾರದಲ್ಲೇ ಹೊಲಿಯುವುದು ಇದರ ಹೆಚ್ಚುಗಾರಿಕೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇಂಥದ್ದೇ ಚಪ್ಪಲಿಯನ್ನು, ಎಲ್ಲಿಯದು ಎಂದು ಹೇಳದೆಯೇ ತೋರಿಸಿತು. ಇಲ್ಲಿ ಗಲಾಟೆಯಾದ ಮೇಲೆ ಇದರ ಮೂಲ ಭಾರತದ್ದು ಎಂದು ಒಪ್ಪಿಕೊಂಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಚರ್ಮೋದ್ಯೋಗ ನಿಗಮ ಮತ್ತು ಕರ್ನಾಟಕದ ಲಿಡ್ಕರ್ ಜೊತೆ ಒಪ್ಪಂದ ಮಾಡಿಕೊಂಡು 2,000 ಜೊತೆ ಮಾಡಿಸುವುದಾಗಿ, ಜೊತೆಯೊಂದಕ್ಕೆ ಸುಮಾರು 800 ಯೂರೋ ಬೆಲೆ ಇಡುವುದಾಗಿ ಪ್ರಕಟಿಸಿತು. ನಮ್ಮ ಲೆಕ್ಕದಲ್ಲಿ 80 ಸಾವಿರ ರೂಪಾಯಿಗೂ ಮಿಕ್ಕಿ! ಊರಿನ ಪೇಟೆಯಲ್ಲಿ ಅಂಥ ಜೊತೆಗೆ ಸಾವಿರ ರೂಪಾಯಿ ಹೇಳಿದರೂ ನಾವು ಚೌಕಾಸಿ ಮಾಡುತ್ತೇವೆ. ಬೆಲೆ ಚರ್ಮದ್ದೋ, ಕೈಗಳದ್ದೋ, ಹೆಸರಿನದ್ದೋ ಎಂದು ಮೇಲಿನ ತರಗತಿಯ ಮಕ್ಕಳ ಮುಂದೆ ಇಟ್ಟರೆ ಅರ್ಥಶಾಸ್ತ್ರದ ಒಳ್ಳೆಯ ಪಾಠವಾಗುತ್ತದೆ.

ಶಾಲೆಯಲ್ಲಿ ಏನು ಮಾಡಬಹುದು?

ತಮಿಳುನಾಡಿನ ಸರ್ಕಾರಿ ಶಾಲೆಗಳ ಮಕ್ಕಳಿಗೆ ಸರ್ಕಾರವೇ ಪಾದರಕ್ಷೆ ಕೊಡುತ್ತಾ ಬಂದಿದೆ. ಜಾತಿ ನೋಡದೆ ಎಲ್ಲರ ಕಾಲಿಗೂ ಒಂದೇ ಬಗೆಯದು ಬರುವುದು 1930ರ ನಿಷೇಧಗಳ ಪಕ್ಕದಲ್ಲಿಟ್ಟು ನೋಡಿದರೆ ಸಣ್ಣ ಮಾತಲ್ಲ. ಆದರೆ ಅಳತೆಯ ತೊಂದರೆ ಇದ್ದೇ ಇದೆ. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಸ್ಥಳಗಳಲ್ಲಿ 1,01,880 ಜನರ ಪಾದಗಳನ್ನು ಅಳೆಯಿತು. ನಮ್ಮವರ ಪಾದ ಯೂರೋಪಿನವರ ಪಾದಕ್ಕಿಂತ ಅಗಲ, ಅವರ ಅಳತೆಯ ಶೂ ನಮಗೆ ಬಿಗಿ ಎಂದು ತಿಳಿದುಬಂತು. ಹೀಗಾಗಿ ಭಾರತದ್ದೇ ಅಳತೆಯೊಂದನ್ನು ‘ಭಾ’ ಎಂಬ ಹೆಸರಿನಲ್ಲಿ ಸೂಚಿಸಿದ್ದಾರೆ. ಯಂತ್ರ ಹಿಡಿದು ಲಕ್ಷ ಜನರನ್ನು ಅಳೆದು ಕಂಡುಕೊಂಡದ್ದನ್ನು, ಪಾದವನ್ನು ಚರ್ಮದ ಮೇಲಿಟ್ಟು ಗೆರೆ ಎಳೆಯುತ್ತಿದ್ದವರು ಆಗಲೇ ಬಲ್ಲವರಾಗಿದ್ದರು.

ಇಷ್ಟು ಹೇಳಿದ್ದು ಹಳೆಯ ಕಾಲವೇ ಚೆನ್ನಾಗಿತ್ತು ಎನ್ನಲು ಅಲ್ಲ. ಕಸುಬು ಉಳಿಯಬೇಕು ಎನ್ನುವವರು, ಅದನ್ನು ಯಾರ ಮಕ್ಕಳು ಉಳಿಸಬೇಕು ಎಂಬುದನ್ನೂ ಹೇಳಬೇಕಾಗುತ್ತದೆ. ಚಪ್ಪಲಿ ಹೊಲಿದವರ ಮೊಮ್ಮಗಳು ನಮ್ಮ ಶಾಲೆಯಲ್ಲಿ ಓದಿ ದಾದಿಯಾಗಲಿ, ತಹಶೀಲ್ದಾರಳಾಗಲಿ. ಚರ್ಮದ ಕೆಲಸವನ್ನು ಇಷ್ಟಪಟ್ಟು ಕಲಿಯುವವರು ಯಾವ ಜಾತಿಯವರಾದರೂ ಕಲಿಯಲಿ, ಅದಕ್ಕೆ ತಕ್ಕ ಬೆಲೆ ಪಡೆಯಲಿ. ಹುಟ್ಟನ್ನು ನೋಡಿ ಕಸುಬು ಅಂಟಿಸುವುದು ಮಾತ್ರ ಬೇಡ.

ಸಹೋದ್ಯೋಗಿ ಗುರುಗಳಲ್ಲಿ, ಪೋಷಕರಲ್ಲಿ ನಮ್ಮ ಕೋರಿಕೆ ಎರಡು. ಅಟ್ಟೆ, ಉಂಗುಟ, ಬಾರು, ಆರೆ, ರಂಪಿಗೆ, ಮಿಣಿ ಇಂಥ ಪದಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದು ತರಲು ಮಕ್ಕಳಿಗೆ ಹೇಳಿ, ನಿಮ್ಮ ಊರಿನ ಬೇರೆ ಪದಗಳಿದ್ದರೆ ನಮಗೂ ತಿಳಿಸಿ. ಯಾವ ಮಗುವಿಗೂ ‘ನಿಮ್ಮ ಮನೆಯಲ್ಲಿ ಕೇಳು’ ಎಂದು ಬೊಟ್ಟು ಮಾಡಿ ಹೇಳದೆ, ಇಡೀ ತರಗತಿಗೆ ಆ ಕೆಲಸ ಕೊಡಿ. ಎರಡನೆಯದು, ಎಕ್ಕಡ ಎಂಬ ಪದ ಆಟದ ಬಯಲಿನಲ್ಲಿ ಬೈಗುಳವಾಗಿ ಕೇಳಿಬಂದಾಗ ಗದರಿಸಿ ಸುಮ್ಮನಾಗಬೇಡಿ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಹರಳಯ್ಯನವರ ಸಾಲದ ಕಥೆಯನ್ನೂ, 1930ರ ನಿಷೇಧಗಳನ್ನೂ ಹೇಳಿ. ಅರ್ಥ ಮಾಡಿಕೊಳ್ಳುವ ಶಕ್ತಿ ನಮ್ಮ ಮಕ್ಕಳಿಗಿದೆ.