ನೀರಿನ ಲೆಕ್ಕ ಕೇಳಿದ ಸಭೆಗಳು

1902ರ ಜೂನ್ ಕೊನೆಯಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಅದರ ಬೆಳಕು ಬಂತು. 1908ರಲ್ಲಿ ಮೈಸೂರಿಗೂ ಹೋಯಿತು. ದೇಶದಲ್ಲಿ ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ್ದು ಅದೇ ಮೊದಲು. ಇದನ್ನು ನಾವೆಲ್ಲ ಶಾಲೆಯಲ್ಲಿ ಹೆಮ್ಮೆಯಿಂದ ಓದಿದವರೇ. ಆದರೆ ಆ ತಂತಿ ಹೊರಟ ಸೀಮೆಯ ಹಳ್ಳಿಗಳಲ್ಲಿ ಆಗ ಉರಿಯುತ್ತಿದ್ದುದು ಎಣ್ಣೆಯ ದೀಪ. ಇದರಲ್ಲಿ ನಮ್ಮ ಪಾಲೆಷ್ಟು ಎಂದು ಅಲ್ಲಿನ ಜನ ಕೇಳಬೇಕೆಂದಿದ್ದರೆ ಎಲ್ಲಿ ಕೇಳಬೇಕಿತ್ತು?

ಹೆಸರಿಗೆ ಒಂದು ಜಾಗವಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ್ದರು. 1876ರಿಂದ 78ರವರೆಗಿನ ಭೀಕರ ಬರ ಸಂಸ್ಥಾನದ ಜನಸಂಖ್ಯೆಯ ಐದರಲ್ಲಿ ಒಂದು ಭಾಗವನ್ನೇ ನುಂಗಿತ್ತೆನ್ನುತ್ತಾರೆ; ಆ ನೆನಪು ಇನ್ನೂ ಹಸಿಯಾಗಿತ್ತು. ದಸರಾ ಸಮಯದಲ್ಲಿ ತಾಲ್ಲೂಕಿಗೆ ಒಬ್ಬಿಬ್ಬರು ಜಮೀನುದಾರರನ್ನೂ ಕೆಲವು ವರ್ತಕರನ್ನೂ ಕರೆಸಿ, ಸರ್ಕಾರ ಹಿಂದಿನ ವರ್ಷ ಮಾಡಿದ್ದನ್ನು ಓದಿ ಹೇಳುವುದು, ಅವರ ಊರಿನ ಅಗತ್ಯಗಳನ್ನು ಕೇಳಿಕೊಳ್ಳುವುದು ಅದರ ಕ್ರಮ. ಮೊದಲ ಸಭೆಗೆ ಬಂದವರು 144 ಮಂದಿ. ಬೆಂಗಳೂರಿನಿಂದ ಮದ್ದೂರು, ಮಂಡ್ಯದ ಮೇಲೆ ಹೋಗುವ ರೈಲು ಮೈಸೂರು ಮುಟ್ಟಿದ್ದು 1882ರಲ್ಲಿ; ಆದ್ದರಿಂದ ಮೊದಲ ವರ್ಷ ಈ ಕಡೆಯ ಪ್ರತಿನಿಧಿಗಳು ಮೈಸೂರಿನವರೆಗೂ ರೈಲಿನಲ್ಲಿ ಹೋಗುವಂತಿರಲಿಲ್ಲ. ಸಭೆಯಲ್ಲಿ ಅಹವಾಲು ಹೇಳಬಹುದಿತ್ತು, ಮತ ಹಾಕುವಂತಿರಲಿಲ್ಲ. ಕಾನೂನಿನ ಆಧಾರ ಅದಕ್ಕೆ ಸಿಕ್ಕಿದ್ದು 1923ರ ಸುಧಾರಣೆಯಲ್ಲಿ. ಉಳುವ ಒಕ್ಕಲಿಗನಾಗಲಿ ಕೂಲಿಯವನಾಗಲಿ ಅಲ್ಲಿಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಹೀಗಿದ್ದರೂ ದಿವಾನರೇ ಜನರ ಮುಂದೆ ನಿಂತು ವರ್ಷದ ಲೆಕ್ಕ ಒಪ್ಪಿಸುವ ಪದ್ಧತಿ ಅಂದಿನ ಇಂಡಿಯಾದಲ್ಲಿ ಅಪರೂಪವೇ. 1911ರಲ್ಲಿ ಆರಂಭವಾದ ಆರ್ಥಿಕ ಸಮ್ಮೇಳನ ಇದೇ ಸಂಪ್ರದಾಯವನ್ನು ಕೃಷಿ, ಕೈಗಾರಿಕೆ, ವಿದ್ಯಾಭ್ಯಾಸಗಳ ಚರ್ಚೆಗೆ ವಿಸ್ತರಿಸಿತು. ಎರಡೂ ಮೇಲಿನಿಂದ ಕೆಳಗೆ ಇಳಿದುಬಂದ ಸಭೆಗಳು.

ಜನರೇ ಕರೆದ ಸಭೆಗಳ ಕಥೆ ನಾಲೆಯೊಂದಿಗೆ ಶುರುವಾಗುತ್ತದೆ.

1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿನ ಕೆಲಸ ಮುಗಿಯಲು ಎರಡು ದಶಕ ಹಿಡಿಯಿತು. ಅಣೆಕಟ್ಟಿನ ಎಡದಂಡೆಯಿಂದ ಹೊರಟು ಹುಲಿಕೆರೆಯ ಬಳಿ ಗುಡ್ಡವನ್ನು ಸುರಂಗದಲ್ಲಿ ಕೊರೆದು ಬರುವ ನಾಲೆಗೆ ಅಂದಿನ ವೈಸರಾಯ್ ಇರ್ವಿನ್‌ರ ಹೆಸರಿಟ್ಟರು. ಇಂದಿನ ವಿಶ್ವೇಶ್ವರಯ್ಯ ನಾಲೆ ಅದೇ. ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ 1,20,000 ಎಕರೆಗೆ ನೀರುಣಿಸುವುದು ಯೋಜನೆಯ ಗುರಿಯಾಗಿತ್ತು. ಮಳೆ ನೋಡಿಕೊಂಡು ರಾಗಿ ಬಿತ್ತುತ್ತಿದ್ದ ಸೀಮೆಗೆ ಇದು ವರವೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ನೀರಿನ ಜೊತೆಗೆ ನಿಯಮಗಳೂ ಬಂದವು. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ ಒಂದು ಭಾಗಕ್ಕೆ ಕಬ್ಬು, ಒಂದಕ್ಕೆ ಭತ್ತ, ಇನ್ನೊಂದಕ್ಕೆ ಅರೆಖುಷ್ಕಿ ಬೆಳೆ; ಮೂರು ವರ್ಷಕ್ಕೊಂದು ಸುತ್ತು. ಯಾವ ವರ್ಷ ಏನು ಬೆಳೆಯಬೇಕೆಂದು ತಲೆಮಾರುಗಳಿಂದ ತಾನೇ ತೀರ್ಮಾನಿಸುತ್ತಿದ್ದ ರೈತನಿಗೆ ಈಗ ಇಲಾಖೆಯ ನಕ್ಷೆ ಹೇಳತೊಡಗಿತು. ಇದರ ಮೇಲೆ ತರಿ ಜಮೀನಿನ ವಂತಿಗೆ, ನೀರಿನ ಕಂದಾಯ. ಜಗತ್ತಿನ ಆರ್ಥಿಕ ಮುಗ್ಗಟ್ಟಿನಿಂದ ಧಾನ್ಯದ ಬೆಲೆ ಕುಸಿದಿದ್ದ ಹೊತ್ತು ಅದು.

1931–32ರಲ್ಲಿ ಮಂಡ್ಯದ ಸುತ್ತ ರೈತರು ಸಭೆ ಸೇರತೊಡಗಿದರು. ಮುಂಚೂಣಿಯಲ್ಲಿ ಇದ್ದವರು ಮದ್ದೂರು ಸೀಮೆಯ ಎಚ್.ಕೆ. ವೀರಣ್ಣಗೌಡರು. ‘ಚಿತ್ರಗುಪ್ತ’ ಪತ್ರಿಕೆಯ ಸಂಪಾದಕರು ಅವರು. ಲೆಕ್ಕ ಬರೆದಿಡುವವನ ಹೆಸರನ್ನೇ ಪತ್ರಿಕೆಗೆ ಆರಿಸಿದ್ದು ಎಷ್ಟು ಸರಿಯಾಗಿತ್ತು! ನಾಲೆ ಬೇಡವೆಂದು ಅಲ್ಲಿ ಯಾರೂ ಹೇಳಲಿಲ್ಲ. ಕಟ್ಟಿದ ವೆಚ್ಚವನ್ನು ಯಾರು, ಎಷ್ಟು, ಎಂದು ಕೊಡಬೇಕು ಎಂಬುದೇ ವಾದ. ರೈತರು ಬೆಂಗಳೂರಿಗೆ ಜಾಥಾ ಹೋದರು. ಅಭಿವೃದ್ಧಿಯನ್ನು ವಿರೋಧಿಸುವುದೇ ಬೇರೆ, ಅದರ ಬೆಲೆಯನ್ನು ಪ್ರಶ್ನಿಸುವುದೇ ಬೇರೆ. ಈ ವ್ಯತ್ಯಾಸವನ್ನು ಸರ್ಕಾರಗಳು ಅಂದೂ ಒಪ್ಪಲು ಹಿಂಜರಿದವು, ಆಮೇಲೂ ಅಷ್ಟೆ. ಆ ಚಳವಳಿಯ ದೊಡ್ಡ ಗಳಿಕೆ ಕಂದಾಯದ ರಿಯಾಯಿತಿಗಿಂತಲೂ ಜನರಿಗೆ ಸಿಕ್ಕ ಅಭ್ಯಾಸ ಎಂಬುದು ನನ್ನ ಎಣಿಕೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದು, ನಿಷೇಧಾಜ್ಞೆಯನ್ನು ಮೀರಿ ಟಿ. ಸಿದ್ಧಲಿಂಗಯ್ಯನವರು ಧ್ವಜ ಹಾರಿಸಿದಾಗ ಸಾವಿರಾರು ರೈತರು ಸೇರಿದ್ದಕ್ಕೆ ಈ ಅಭ್ಯಾಸವೂ ಒಂದು ಕಾರಣವಿರಬೇಕು. ಮರುವರ್ಷ, 1939ರ ಜುಲೈ 1ರಂದು, ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ನಾಲೆಯ ನೀರು ಎಲ್ಲರನ್ನೂ ಒಂದೇ ತೆರನಾಗಿ ಮುಟ್ಟಲಿಲ್ಲ. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್ಸ್ಟೈನ್ ಎಂಬ ಮಾನವಶಾಸ್ತ್ರಜ್ಞೆ ಮಂಡ್ಯದ ಬಳಿಯ ಎರಡು ಹಳ್ಳಿಗಳನ್ನು ವಂಗಲ, ದಲೆನ ಎಂಬ ಮರೆಹೆಸರಿಟ್ಟು ಅಧ್ಯಯನ ಮಾಡಿದರು. ಒಂದಕ್ಕೆ ನೀರು ಬಂದಿತ್ತು. ಎತ್ತರದಲ್ಲಿದ್ದ ಇನ್ನೊಂದಕ್ಕೆ ಏರಲಿಲ್ಲ. ನೀರಿದ್ದ ಊರು ಬೇಸಾಯವನ್ನೇ ಹಿಗ್ಗಿಸಿಕೊಂಡು ಹಳೆಯ ಕಟ್ಟುಪಾಡಿನಲ್ಲೇ ಉಳಿಯಿತು. ನೀರಿಲ್ಲದ ಊರಿನವರು ನೌಕರಿ, ವ್ಯಾಪಾರ ಹುಡುಕಿಕೊಂಡು ಹೊರಟು ಹೆಚ್ಚು ಬದಲಾದರು. ನೀರು ಬಂದ ಊರುಗಳಲ್ಲೂ ತೂಬಿನ ಹತ್ತಿರದವನ ಮಾತೇ ಬೇರೆ, ಕೊನೆಯವನದೇ ಬೇರೆ. ಮದ್ದೂರು, ಮಳವಳ್ಳಿಯ ಕೊನೆಭಾಗದ ರೈತರು ಮೊದಲಿಂದಲೂ ಹೇಳುತ್ತ ಬಂದದ್ದು ಇದನ್ನೇ: ನಾಲೆ ನಮ್ಮೂರವರೆಗೂ ಇದೆ, ನೀರಿಲ್ಲ.

ಸ್ವಾತಂತ್ರ್ಯದ ನಂತರ ಪ್ರಜಾಪ್ರತಿನಿಧಿ ಸಭೆ 1949ರಲ್ಲಿ ಮುಗಿಯಿತು. ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ, 1987ರಲ್ಲಿ, ಮಂಡಲ ಪಂಚಾಯಿತಿಗಳು ಬಂದವು. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಯನ್ನು ಕಡ್ಡಾಯ ಮಾಡಿತು. ಗ್ರಾಮಸಭೆಯಲ್ಲಿ ಚರಂಡಿ, ಮನೆ ಮಂಜೂರಾತಿಯ ಮಾತು ನಡೆಯುತ್ತದೆ. ನಾಲೆ ಎಂದು ಬಿಡಬೇಕು, ಯಾರಿಗೆ ಎಷ್ಟು ಎಂಬುದು ಮಾತ್ರ ಅದರ ಕೈಯಲ್ಲಿಲ್ಲ. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟ ಮೇಲೆ ಚರ್ಚೆ ಹೆದ್ದಾರಿಗೆ ಬಂತು. ಮಂಡ್ಯದ ವಿಶ್ವೇಶ್ವರಯ್ಯ ಪ್ರತಿಮೆಯ ಮುಂದಿನ ಜಾಗ ಧರಣಿಯ ಕಾಯಂ ನೆಲೆಯಾಯಿತು. ಜಿ. ಮಾದೇಗೌಡರ ಮುಂದಾಳತನದ ಹಿತರಕ್ಷಣಾ ಸಮಿತಿ, ರೈತಸಂಘ ಎಲ್ಲವೂ ಅಲ್ಲಿಯೇ ಕೂತವು. 2002ರ ಅಕ್ಟೋಬರ್‌ನಲ್ಲಿ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರೇ ಆದ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿನಿಂದ ಮಂಡ್ಯಕ್ಕೆ ಪಾದಯಾತ್ರೆ ಬಂದರು. ಎಪ್ಪತ್ತು ವರ್ಷದ ಹಿಂದೆ ರೈತರು ಹೋದ ದಾರಿಯಲ್ಲಿ ಸರ್ಕಾರವೇ ಎದುರು ದಿಕ್ಕಿಗೆ ನಡೆದು ಬಂದಿತ್ತು.

ಅದರ ಮರುವರ್ಷ ನಡೆದದ್ದು ಹೆಚ್ಚು ಸುದ್ದಿಯಾಗಲಿಲ್ಲ. ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ಅವರ ಪ್ರಯತ್ನದಿಂದ 2003ರಲ್ಲಿ ಎರಡೂ ರಾಜ್ಯಗಳ ರೈತರು ಒಂದೆಡೆ ಕೂತರು. ಆ ಕೂಟಕ್ಕೆ ‘ಕಾವೇರಿ ಕುಟುಂಬ’ ಎಂದು ಹೆಸರಾಯಿತು. ಈ ಕಡೆಯಿಂದ ರೈತನಾಯಕ ಕೆ.ಎಸ್. ಪುಟ್ಟಣ್ಣಯ್ಯ, ಆ ಕಡೆಯಿಂದ ಮನ್ನಾರ್‌ಗುಡಿಯ ಎಸ್. ರಂಗನಾಥನ್. ಒಬ್ಬರ ಹೊಲ ಇನ್ನೊಬ್ಬರು ನೋಡಿದರು. ಬರದ ವರ್ಷದ ಕಷ್ಟವನ್ನು ಹೇಗೆ ಹಂಚಿಕೊಳ್ಳುವುದು ಎಂಬ ಸೂತ್ರ ಅವರಿಗೂ ಸಿಗಲಿಲ್ಲ, ನಿಜ. ಆದರೆ ತಂಜಾವೂರಿನ ಕಡೆಯೂ ನಾಲೆಯ ಕೊನೆಯವನು ಒಬ್ಬನಿದ್ದಾನೆ, ಅವನ ಗೋಳು ಮಳವಳ್ಳಿಯವನದಕ್ಕಿಂತ ಬೇರೆಯಲ್ಲ ಎಂಬುದು ನ್ಯಾಯಾಲಯದ ಕಡತದಲ್ಲಿ ಕಾಣುವ ಸಂಗತಿಯಲ್ಲ.

2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಿಸಿತು. ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಎರಡು ದಿನಗಳ ಮೇಲೆ ಪುಟ್ಟಣ್ಣಯ್ಯ ತೀರಿಕೊಂಡರು. ಬೆಂಗಳೂರಿಗೆ 1974ರಿಂದ ಕಾವೇರಿ ಹೋಗುತ್ತಿರುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪುಗಳಿಂದ. ದಿನಕ್ಕೆ 77.5 ಕೋಟಿ ಲೀಟರ್ ನೀರೊದಗಿಸುವ ಐದನೇ ಹಂತಕ್ಕೆ 2024ರ ಅಕ್ಟೋಬರ್ 16ರಂದು ಅಲ್ಲೇ ಚಾಲನೆ ಸಿಕ್ಕಿತು. ಅದರಿಂದ 110 ಹಳ್ಳಿಗಳಿಗೆ ನೀರು ಎಂದು ಪತ್ರಿಕೆಗಳಲ್ಲಿ ಬಂತು. ಆ 110 ಹಳ್ಳಿಗಳು ಬೆಂಗಳೂರಿನ ಅಂಚಿನವು.